ಹಳೆಯ ಕಾನೂನುಗಳು ಯಾರಿಗೆ ಬೇಕು?

ಪ್ರಶ್ನೆ: ಟೆಲಿಗ್ರಾಂ ಸೇವೆ 2013ರಲ್ಲೇ ನಿಂತಿತು. ಆದರೆ 1885ರ ಟೆಲಿಗ್ರಾಫ್ ಕಾಯ್ದೆ ಆಮೇಲೂ ಹತ್ತು ವರ್ಷ ಜಾರಿಯಲ್ಲಿತ್ತು ಎಂದು ಓದಿದೆ. ಬ್ರಿಟಿಷರ ಕಾಲದವು, ಮಹಾರಾಜರ ಕಾಲದವು, ನಿಜಾಮರ ಕಾಲದವು ಇನ್ನೂ ಎಷ್ಟು ಉಳಿದಿವೆಯೋ! ನಾವು ಆರಿಸಿ ಕಳಿಸಿದವರು ಇವನ್ನೆಲ್ಲ ಏಕೆ ತೆಗೆದುಹಾಕುವುದಿಲ್ಲ? ಅವರಿಗೆ ಗೊತ್ತಿಲ್ಲವೇ, ಪುರುಸೊತ್ತಿಲ್ಲವೇ, ಮನಸ್ಸಿಲ್ಲವೇ? ಶಾಸನಸಭೆಯನ್ನೇ ಸುಧಾರಿಸಬೇಕೆಂದರೆ ಎಲ್ಲಿಂದ ಶುರುಮಾಡಬೇಕು? ನನ್ನಂಥವನು ಮಾಡಬಹುದಾದದ್ದು ಏನಾದರೂ ಇದೆಯೇ?
– ನಿವೃತ್ತ ಶಿಕ್ಷಕರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಗೊತ್ತಿಲ್ಲದಿರುವುದು, ಪುರುಸೊತ್ತಿಲ್ಲದಿರುವುದು, ಮನಸ್ಸಿಲ್ಲದಿರುವುದು ಮೂರೂ ಇವೆ. ನೀವು ಬಿಟ್ಟ ನಾಲ್ಕನೆಯದೊಂದಿದೆ, ನನ್ನ ದೃಷ್ಟಿಯಲ್ಲಿ ಅದೇ ಮುಖ್ಯ: ಹಳೆಯ ಕಾನೂನು ಯಾರಿಗೋ ಉಪಯೋಗಕ್ಕೆ ಬರುತ್ತಿರುತ್ತದೆ. ಯಾರಿಗೂ ಬೇಡವಾದ ಕಾಯ್ದೆಯನ್ನು ತೆಗೆದುಹಾಕಲು ಸದನಕ್ಕೆ ಒಂದು ಮಧ್ಯಾಹ್ನ ಸಾಕು. ಹಾಗೆ ಸಾವಿರಕ್ಕೂ ಹೆಚ್ಚು ಕಾಯ್ದೆಗಳನ್ನು ತೆಗೆದದ್ದೂ ಆಗಿದೆ. ಗಟ್ಟಿಯಾಗಿ ಉಳಿದುಕೊಳ್ಳುವುದು ಬೇಕಾದವು.

ನಿಮ್ಮ ಟೆಲಿಗ್ರಾಫ್ ಕಾಯ್ದೆಯನ್ನೇ ನೋಡಿ. ಎಲ್ಲರೂ ನಗುವುದಕ್ಕೆ ಎತ್ತಿಕೊಳ್ಳುವ ಉದಾಹರಣೆ ಅದು. ಆದರೆ ತಂತಿ ನಿಂತರೂ ಆ ಕಾಯ್ದೆ ಒಂದು ದಿನವೂ ಕೆಲಸವಿಲ್ಲದೆ ಕುಳಿತಿರಲಿಲ್ಲ. ಅದರಲ್ಲಿ ಟೆಲಿಗ್ರಾಫ್ ಎಂಬುದರ ವ್ಯಾಖ್ಯೆ ಎಷ್ಟು ವಿಶಾಲವೆಂದರೆ ದೂರವಾಣಿ, ಮೊಬೈಲ್, ಇಂಟರ್ನೆಟ್ ಎಲ್ಲವೂ ಅದರೊಳಗೆ ಹಿಡಿಸಿದವು. ಮೊಬೈಲ್ ಕಂಪನಿಗಳಿಗೆ ಪರವಾನಗಿ ಸಿಗುತ್ತಿದ್ದುದು ಅದರ 4ನೇ ಸೆಕ್ಷನ್ ಅಡಿ. ಸರ್ಕಾರ ನಮ್ಮ ನಿಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದುದು 5ನೇ ಸೆಕ್ಷನ್ ಅಡಿ. 1988ರ ಆಗಸ್ಟ್‌ನಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪ ಎದ್ದು ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು ನಿಮಗೆ ನೆನಪಿರುತ್ತದೆ. ಆ ಕಾಲಕ್ಕೆ ದೇಶದಲ್ಲಿ ಫೋನ್ ಕದ್ದು ಕೇಳುವುದಕ್ಕೆ ಕಾನೂನಿನ ಆಧಾರವೆಂದು ಇದ್ದದ್ದು ಇದೇ 1885ರ ಕಾಯ್ದೆ. ಕದ್ದಾಲಿಕೆ ದುರುಪಯೋಗವಾಗದಂತೆ ನಿಯಮ ಮಾಡುವ ಅಧಿಕಾರ ಆ ಕಾಯ್ದೆಯಲ್ಲೇ ಇತ್ತು. ಸರ್ಕಾರಗಳು ಅದನ್ನು ಮಾತ್ರ ಬಳಸಲಿಲ್ಲ. ಕೊನೆಗೆ 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತಾನೇ ಒಂದಷ್ಟು ಕಟ್ಟುಪಾಡುಗಳನ್ನು ಹಾಕಬೇಕಾಯಿತು. 2023ರ ಡಿಸೆಂಬರ್‌ನಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂತು. ಸಂಸತ್ತಿನಿಂದ ನೂರಕ್ಕೂ ಹೆಚ್ಚು ವಿರೋಧ ಪಕ್ಷದ ಸದಸ್ಯರು ಅಮಾನತುಗೊಂಡು ಹೊರಗಿದ್ದ ವಾರವೇ ಅದು ಅಂಗೀಕಾರವಾಯಿತು. ಅದರಲ್ಲಿ ಕದ್ದಾಲಿಕೆಯ ಅಧಿಕಾರ ಹೆಚ್ಚೂಕಡಿಮೆ ಹಳೆಯ ಮಾತುಗಳಲ್ಲೇ ಉಳಿದಿದೆ: ಸಾರ್ವಜನಿಕ ತುರ್ತು, ಸಾರ್ವಜನಿಕ ಸುರಕ್ಷತೆ. ಕಾಯ್ದೆ ಹೋಯಿತು, ಅದರ ಜೀವ ಇದ್ದ ಕಲಂ ಹೋಗಲಿಲ್ಲ.

ಇವೆಲ್ಲ ಸ್ವತಂತ್ರ ಭಾರತಕ್ಕೆ ಹೇಗೆ ದಾಟಿ ಬಂದವು ಎಂಬುದು ಸರಳ. ಸಂವಿಧಾನದ 372ನೇ ವಿಧಿಯ ಪ್ರಕಾರ, ಅದು ಜಾರಿಗೆ ಬರುವ ಹೊತ್ತಿಗೆ ಇದ್ದ ಕಾನೂನುಗಳೆಲ್ಲ ಯಾರಾದರೂ ಬದಲಿಸುವ ತನಕ ಮುಂದುವರಿಯುತ್ತವೆ. ಮೂಲಭೂತ ಹಕ್ಕಿಗೆ ವಿರುದ್ಧವಾದದ್ದು ಅಷ್ಟರಮಟ್ಟಿಗೆ ಬಿದ್ದುಹೋಗುತ್ತದೆ ಎಂದು 13ನೇ ವಿಧಿ ಹೇಳುತ್ತದೆ, ಆದರೆ ಬಿದ್ದುಹೋಯಿತೆಂದು ಹೇಳಿಸಲು ಯಾರಾದರೂ ಕೋರ್ಟಿಗೆ ಹೋಗಬೇಕು. ಇದನ್ನು ನಾನು ತಪ್ಪು ಎನ್ನುವುದಿಲ್ಲ. ಒಪ್ಪಂದ, ಆಸ್ತಿ ವರ್ಗಾವಣೆ, ನೋಂದಣಿ, ಕೊಲೆ, ಕಳವು ಎಲ್ಲಕ್ಕೂ ಒಂದೇ ರಾತ್ರಿಯಲ್ಲಿ ಹೊಸ ಕಾನೂನು ಬರೆಯಲಾಗುತ್ತಿರಲಿಲ್ಲ. ತಾತ್ಕಾಲಿಕವೆಂದು ಮಾಡಿದ್ದು ಖಾಯಂ ಆದದ್ದು ಆಮೇಲಿನ ಕಥೆ.

ಕರ್ನಾಟಕದಲ್ಲಿ ಇದು ಐದು ಪಟ್ಟು. 1956ರ ನವೆಂಬರ್ 1ರಂದು ಬಾಂಬೆ, ಹೈದರಾಬಾದ್, ಮದ್ರಾಸ್ ರಾಜ್ಯಗಳ ಭಾಗಗಳೂ ಕೊಡಗೂ ಹಳೆಯ ಮೈಸೂರಿನೊಂದಿಗೆ ಸೇರಿದಾಗ, ಆಯಾ ಪ್ರದೇಶದ ಕಾನೂನುಗಳು ಆಯಾ ಪ್ರದೇಶಕ್ಕೆ ಮುಂದುವರಿಯುತ್ತವೆ ಎಂದು ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 119ನೇ ಸೆಕ್ಷನ್ ಹೇಳಿತು. ಪರಿಣಾಮವನ್ನು ನಮ್ಮ ದೇವಸ್ಥಾನಗಳಲ್ಲಿ ನೋಡಬಹುದಿತ್ತು. ಮೈಸೂರು ಸೀಮೆಯ ಗುಡಿಗೆ 1927ರ ಮೈಸೂರು ಕಾಯ್ದೆ, ದಕ್ಷಿಣ ಕನ್ನಡದ ಗುಡಿಗೆ 1951ರ ಮದ್ರಾಸ್ ಕಾಯ್ದೆ, ಕಲಬುರಗಿ ಕಡೆಯ ಗುಡಿಗೆ ಹೈದರಾಬಾದಿನ ಫಸಲಿ (ನಿಜಾಮರ ಆಡಳಿತದ ಕಂದಾಯ ವರ್ಷ) 1349ರ, ಅಂದರೆ 1939–40ರ ಹೊತ್ತಿನ, ದತ್ತಿ ನಿಯಮಾವಳಿ, ಕೊಡಗಿಗೆ ತನ್ನದೇ 1956ರ ಕಾಯ್ದೆ. ನಿಮ್ಮ ಹಾವೇರಿ ಆಗ ಧಾರವಾಡ ಜಿಲ್ಲೆಯಲ್ಲಿತ್ತು. ಅಲ್ಲಿಗೆ 1950ರ ಬಾಂಬೆ ಸಾರ್ವಜನಿಕ ಟ್ರಸ್ಟುಗಳ ಕಾಯ್ದೆ. ಒಂದೇ ರಾಜ್ಯ, ಒಂದೇ ಮುಜರಾಯಿ ಇಲಾಖೆ, ಐದು ಕಾನೂನು. ಎಲ್ಲವನ್ನೂ ಒಂದು ಮಾಡುವ ಕಾಯ್ದೆ ಬಂದದ್ದು 1997ರಲ್ಲಿ, ಜಾರಿಯಾದದ್ದು 2003ರಲ್ಲಿ. ಏಕೀಕರಣವಾಗಿ 47 ವರ್ಷಕ್ಕೆ! ಅಷ್ಟಕ್ಕೇ ಮುಗಿಯಲಿಲ್ಲ. 2006ರಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿತು, ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು, 2011ರಲ್ಲಿ ಮತ್ತೆ ತಿದ್ದುಪಡಿ. ಈ 47 ವರ್ಷಗಳಲ್ಲಿ ಯಾವ ಸರ್ಕಾರಕ್ಕೂ ಐದು ಕಾನೂನು ಇರುವುದು ಗೊತ್ತಿರಲಿಲ್ಲವೆಂದಲ್ಲ. ಪ್ರತಿಯೊಂದು ಕಾನೂನಿನ ಸುತ್ತ ಆನುವಂಶಿಕ ಮೊಕ್ತೇಸರರು, ಧರ್ಮದರ್ಶಿಗಳು, ಅರ್ಚಕರು, ಅಧಿಕಾರಿಗಳು ಎಂದು ಒಂದು ವ್ಯವಸ್ಥೆ ಬೆಳೆದುನಿಂತಿತ್ತು. ಕಾನೂನನ್ನು ಮುಟ್ಟಿದರೆ ಅವರೆಲ್ಲರನ್ನೂ ಮುಟ್ಟಿದಂತೆ. ಯಾವ ಮಂತ್ರಿ ತನ್ನ ಅವಧಿಯಲ್ಲಿ ಅದಕ್ಕೆ ಕೈಹಾಕುತ್ತಾನೆ?

ಇನ್ನು ಲೆಕ್ಕದ ಮಾತು. 1998ರಲ್ಲಿ ಪಿ.ಸಿ. ಜೈನ್ ಆಯೋಗ 1,382 ಕೇಂದ್ರ ಕಾಯ್ದೆಗಳನ್ನು ರದ್ದುಪಡಿಸಬಹುದು ಎಂದಿತು. 2014ರಲ್ಲಿ ರಾಮಾನುಜಂ ಸಮಿತಿ ಕುಳಿತಾಗ ಪುಸ್ತಕದಲ್ಲಿದ್ದ 2,781 ಕೇಂದ್ರ ಕಾಯ್ದೆಗಳಲ್ಲಿ 1,741 ಅನಗತ್ಯ ಎಂದು ಕಂಡಿತು. ಆಮೇಲೆ 2023ರ ಹೊತ್ತಿಗೆ 1,500ಕ್ಕೂ ಹೆಚ್ಚು ರದ್ದಾದವು. ಒಳ್ಳೆಯ ಕೆಲಸವೇ. ಆದರೆ ಆ ಸಂಖ್ಯೆಯೊಳಗೆ ಏನಿದೆ ನೋಡಬೇಕು. 2016ರ ಒಂದೇ ಕಾಯ್ದೆಯಿಂದ ರದ್ದಾದ 700ಕ್ಕೂ ಹೆಚ್ಚು ಕಾಯ್ದೆಗಳು ಧನವಿನಿಯೋಗ ಕಾಯ್ದೆಗಳು. ಅಂದರೆ ಯಾವುದೋ ವರ್ಷದ ಬಜೆಟ್ ಖರ್ಚಿಗೆ ಒಪ್ಪಿಗೆ ಕೊಟ್ಟವು, ಆ ವರ್ಷ ಮುಗಿದ ದಿನವೇ ಕೆಲಸ ಮುಗಿಸಿದವು. ಉಳಿದವುಗಳಲ್ಲಿ ಬಹಳಷ್ಟು ತಿದ್ದುಪಡಿ ಕಾಯ್ದೆಗಳು. ಮೂಲ ಕಾಯ್ದೆಯಲ್ಲಿ ತಿದ್ದುಪಡಿ ಸೇರಿಹೋದ ಮೇಲೆ ಅವು ಖಾಲಿ ಲಕೋಟೆಗಳು. ಇವನ್ನು ತೆಗೆದದ್ದರಿಂದ ಬೀರು ಹಗುರವಾಯಿತು, ಯಾವ ಪ್ರಜೆಯ ಬದುಕೂ ಹಗುರವಾಗಲಿಲ್ಲ. ಇನ್ನೂರಕ್ಕೂ ಹೆಚ್ಚು ಕಾಯ್ದೆಗಳನ್ನಂತೂ ಆ ಸಮಿತಿ ರಾಜ್ಯಗಳ ಕಡೆಗೆ ತೋರಿಸಿತು. ಅವು ಬ್ರಿಟಿಷರ ಕಾಲದಲ್ಲಿ ಕೇಂದ್ರದ ಕಾಯ್ದೆಗಳಾಗಿದ್ದರೂ ಈಗ ಅವುಗಳ ವಿಷಯ ರಾಜ್ಯಪಟ್ಟಿಯಲ್ಲಿದೆ. ದೆಹಲಿಗೆ ಅವನ್ನು ಮುಟ್ಟುವ ಅಧಿಕಾರವಿಲ್ಲ, ರಾಜ್ಯಗಳಿಗೆ ಅವು ತಮ್ಮವೆಂಬ ನೆನಪಿಲ್ಲ.

ಬಳಸದೆ ಬಿಟ್ಟರೆ ಕಾನೂನು ತಾನಾಗಿಯೇ ಸಾಯುವುದಿಲ್ಲವೇ ಎಂದು ನೀವು ಕೇಳಬಹುದು. 1995ರಲ್ಲಿ ಪುಣೆ ದಂಡುಪ್ರದೇಶದ ಒಂದು ಹಳೆಯ ಆಕ್ಟ್ರಾಯ್ (ಊರಿಗೆ ಬರುವ ಸರಕಿನ ಮೇಲಿನ ಸುಂಕ) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದು ಸಾಧ್ಯವೆಂದು ಒಪ್ಪಿತು. ಆದರೆ ಬಹುಕಾಲ ಬಳಸದೇ ಇರಬೇಕು, ಜೊತೆಗೆ ಅದಕ್ಕೆ ವಿರುದ್ಧವಾದ ರೂಢಿ ಬೇರೂರಿರಬೇಕು. ಇದನ್ನು ಸಾಬೀತು ಮಾಡುವುದು ಯಾರ ಹೆಗಲಿಗೆ? ಕೇಸು ಬಿದ್ದವನ ಹೆಗಲಿಗೆ. ಅವನು ಅಲ್ಲಿ ತನಕ ಠಾಣೆ, ವಕೀಲ, ವಾಯಿದೆ ಎಂದು ಅಲೆದಿರುತ್ತಾನೆ.

ಸುಪ್ರೀಂ ಕೋರ್ಟೇ ಕೊಂದ ಕಾನೂನಿನ ಪಾಡೂ ಇಷ್ಟೇ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ನಾನು ಕಂಡ ಉದಾಹರಣೆಗಳಲ್ಲೇ ಇದು ಕಣ್ಣು ತೆರೆಸುವಂಥದ್ದು. ಫೇಸ್‌ಬುಕ್‌ನಲ್ಲಿ ಯಾರಿಗಾದರೂ ಕಿರಿಕಿರಿಯಾಗುವಂತೆ ಬರೆದರೆ ಮೂರು ವರ್ಷದವರೆಗೆ ಜೈಲು ಎಂಬ ಸೆಕ್ಷನ್ ಅದು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಅದನ್ನು ಪೂರ್ತಿಯಾಗಿ ರದ್ದುಪಡಿಸಿತು. ಪತ್ರಿಕೆಗಳ ಮುಖಪುಟದಲ್ಲಿ ಸುದ್ದಿ ಬಂತು. ಆದರೂ 2021ರಲ್ಲಿ ಒಂದು ಸಂಘಟನೆ ಕೋರ್ಟಿನ ಮುಂದೆ ಅಂಕಿಅಂಶ ಇಟ್ಟಾಗ, ರದ್ದಾದ ಮೇಲೂ ಅದೇ ಸೆಕ್ಷನ್ ಅಡಿ ಹಲವು ರಾಜ್ಯಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರಕರಣ ದಾಖಲಾದದ್ದು ಗೊತ್ತಾಯಿತು. ನ್ಯಾಯಮೂರ್ತಿಗಳು ಆಘಾತ ವ್ಯಕ್ತಪಡಿಸಿದರು. 2022ರ ಅಕ್ಟೋಬರ್‌ನಲ್ಲಿ ಮತ್ತೆ ಆದೇಶ ಕೊಟ್ಟರು. ಹೀಗೇಕಾಯಿತು? ಕೋರ್ಟು ಸೆಕ್ಷನ್ನನ್ನು ಅಸಿಂಧು ಎನ್ನಬಹುದು, ಪುಸ್ತಕದಿಂದ ಹರಿದು ತೆಗೆಯಲಾರದು. ಅದು ಸಂಸತ್ತಿನ ಕೆಲಸ. ಸಂಸತ್ತು ಅದನ್ನು ಮಾಡದ್ದರಿಂದ ಅಚ್ಚಾದ ಪುಸ್ತಕದಲ್ಲಿ ಸೆಕ್ಷನ್ ಇತ್ತು, ಅದು ಸತ್ತ ಸುದ್ದಿ ಅಡಿಟಿಪ್ಪಣಿಯಲ್ಲಿತ್ತು. ಠಾಣೆಯಲ್ಲಿ ಎಫ್‌ಐಆರ್ ಬರೆಯುವವರು ಅಡಿಟಿಪ್ಪಣಿ ಓದುವುದಿಲ್ಲ. ಕೆಲವರು ಓದಿಯೂ ಬರೆದಿರುತ್ತಾರೆ ಎಂದು ನನ್ನ ಗುಮಾನಿ.

ಸತ್ತ ಕಾನೂನು ಇನ್ನೊಂದು ಹೆಸರಿನಲ್ಲಿ ಮರಳಿ ಹುಟ್ಟುವುದೂ ಉಂಟು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೇ ಭಾಗದಲ್ಲಿ, ಈಗ ನಾವು ಲಿಂಗತ್ವ ಅಲ್ಪಸಂಖ್ಯಾತರು ಎನ್ನುವ ಸಮುದಾಯದವರ ಹೆಸರು ವಿಳಾಸಗಳನ್ನು ಪೊಲೀಸರು ರಿಜಿಸ್ಟರಿನಲ್ಲಿ ಬರೆದಿಟ್ಟುಕೊಳ್ಳಬೇಕು ಎಂದಿತ್ತು. ಹುಡುಗರನ್ನು ಅಪಹರಿಸುತ್ತಾರೆ ಎಂಬ ಗುಮಾನಿಯೇ ಅದಕ್ಕೆ ಆಧಾರ. ಹೈದರಾಬಾದ್ ಸಂಸ್ಥಾನ ಫಸಲಿ 1329ರಲ್ಲಿ, ಅಂದರೆ 1919–20ರ ಹೊತ್ತಿಗೆ, ಅದೇ ಅಚ್ಚಿನ ಕಾನೂನು ಮಾಡಿತು. ಅದನ್ನು ತೆಲಂಗಾಣ ಹೈಕೋರ್ಟ್ ರದ್ದುಮಾಡಿದ್ದು 2023ರಲ್ಲಿ. ಇದಿಷ್ಟು ಹಳೆಯ ಕಥೆ. ಆದರೆ 2011ರಲ್ಲಿ, ಅಂದರೆ ಇಪ್ಪತ್ತೊಂದನೆಯ ಶತಮಾನದ ಕರ್ನಾಟಕದಲ್ಲಿ, ಪೊಲೀಸ್ ಕಾಯ್ದೆಗೆ 36ಎ ಎಂಬ ಹೊಸ ಸೆಕ್ಷನ್ ಸೇರಿಸಿದರು. ಅದೇ ರಿಜಿಸ್ಟರು, ಅದೇ ಗುಮಾನಿ. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದಮೇಲೆ ಸಮುದಾಯವನ್ನು ಸೂಚಿಸುವ ಪದವನ್ನಷ್ಟೇ ತೆಗೆದು ‘ವ್ಯಕ್ತಿ’ ಎಂದು ಹಾಕಿದರು. 1871ರ ಪುಟವನ್ನು 2011ರಲ್ಲಿ ಯಾರೋ ನಕಲು ಮಾಡಿದ್ದಾರೆ. ಸದನದಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಆ 1871ರ ಕಾಯ್ದೆಯ ಉಳಿದ ಭಾಗದ ಕಥೆಯೂ ಹೀಗೆಯೇ. 1952ರಲ್ಲಿ ಕೆಲವು ಸಮುದಾಯಗಳಿಗೆ ಹಚ್ಚಿದ್ದ ಅಪರಾಧಿ ಬುಡಕಟ್ಟು ಎಂಬ ಹಣೆಪಟ್ಟಿ ರದ್ದಾಯಿತು, ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ತಂದವು. ನಮ್ಮದು 1961ರದು. ವಿಮುಕ್ತ ಸಮುದಾಯಗಳ ಮೇಲಿನ ಅನುಮಾನ ಹೊಸ ಹೆಸರಿನಲ್ಲಿ ಮುಂದುವರಿಯಿತು. 2024ರ ಅಕ್ಟೋಬರ್‌ನಲ್ಲಿ ಜೈಲುಗಳಲ್ಲಿನ ಜಾತಿ ತಾರತಮ್ಯದ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟ್ ಈ ಕಾಯ್ದೆಗಳ ಬಗ್ಗೆಯೂ ಕಟುವಾಗಿ ಮಾತಾಡಬೇಕಾಯಿತು.

ದುಡ್ಡು ಅಂಟಿಕೊಂಡಿರುವ ಕಾನೂನುಗಳದು ಇನ್ನೊಂದು ಬಗೆ. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ 1975ರದು. ಬಡತನವನ್ನು ಅಪರಾಧವೆಂದು ನೋಡುವ ಅದರ ದೃಷ್ಟಿಯನ್ನು ದೆಹಲಿ ಹೈಕೋರ್ಟ್ 2018ರಲ್ಲಿ, ದೆಹಲಿಗೆ ಅನ್ವಯಿಸುತ್ತಿದ್ದ ಬಾಂಬೆ ಕಾಯ್ದೆಯ ಪ್ರಕರಣದಲ್ಲಿ, ತಳ್ಳಿಹಾಕಿದೆ. ನಮ್ಮಲ್ಲಿ ಅದರ ಹೆಸರಿನಲ್ಲಿ ಆಸ್ತಿ ತೆರಿಗೆಯ ಮೇಲೆ ಶೇ 3ರ ಉಪಕರವಿದೆ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. ಉಪಕರ ಬರುತ್ತಿರುವ ತನಕ ಆ ಕಾಯ್ದೆಯನ್ನು ಬುಡದಿಂದ ಪರಿಶೀಲಿಸಿ ಎಂದು ಯಾವ ಇಲಾಖೆಯೂ ಕಡತ ಎಬ್ಬಿಸುವುದಿಲ್ಲ.

ಎಲ್ಲಕ್ಕಿಂತ ಗಟ್ಟಿ ಕಾರಣ ಅಧಿಕಾರಿಯ ವಿವೇಚನೆ. ಮಸುಕಾದ ಹಳೆಯ ಕಾನೂನು ಆಡಳಿತಕ್ಕೆ ಬಲು ಅನುಕೂಲ, ಅದು ಬಹಳಷ್ಟು ಕೊಡುತ್ತದೆ, ಏನನ್ನೂ ಕೇಳುವುದಿಲ್ಲ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಲ್ಲಿ ಇದ್ದದ್ದು ನಾಲ್ಕೇ ಸೆಕ್ಷನ್. ಮುಂಬೈ ಪ್ಲೇಗಿನ ಗಾಬರಿಯಲ್ಲಿ ಮಾಡಿದ್ದು. ಅದೇ ಪ್ಲೇಗು ಮರುವರ್ಷ ಬೆಂಗಳೂರಿಗೆ ಬಂದಾಗಲೇ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಿಗೆ ಜೋರು ಬಂದದ್ದು. ಸಾಂಕ್ರಾಮಿಕ ಎಂದರೇನು ಎಂದು ಆ ಕಾಯ್ದೆ ಹೇಳುವುದಿಲ್ಲ. ರೋಗಿಯ ಹಕ್ಕಿನ ಮಾತಿಲ್ಲ. ಸದ್ಭಾವನೆಯಿಂದ ಮಾಡಿದ ಯಾವುದಕ್ಕೂ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ ಎಂಬುದು ಮಾತ್ರ ನಾಲ್ಕರಲ್ಲಿ ಒಂದು ಸೆಕ್ಷನ್ನನ್ನೇ ಆಕ್ರಮಿಸಿತ್ತು. ಹಡಗು, ರೈಲುಗಳ ತಪಾಸಣೆಯ ಉಲ್ಲೇಖವಿತ್ತು, ವಿಮಾನದ್ದು ಇರಲಿಲ್ಲ. 2020ರಲ್ಲಿ ರೋಗ ಬಂದದ್ದು ವಿಮಾನದಲ್ಲಿ. ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಾದ ಆ ವಾರ ನಮ್ಮ ಸರ್ಕಾರ ನಿಯಮಾವಳಿ ಹೊರಡಿಸಿದ್ದು ಇದೇ ಕಾಯ್ದೆ ಹಿಡಿದು. 123 ವರ್ಷಗಳಲ್ಲಿ ಇನ್ಫ್ಲುಯೆಂಜಾ, ಕಾಲರಾ, ಸಿಡುಬು ಎಲ್ಲ ಬಂದುಹೋದರೂ ಯಾರೂ ಅದನ್ನು ಪೂರ್ತಿ ಬದಲಿಸಲಿಲ್ಲ. ಕರ್ನಾಟಕ ತನ್ನದೇ ಹೊಸ ಕಾಯ್ದೆ ಮಾಡಿಕೊಂಡದ್ದು ಆ ವರ್ಷವೇ, ಮೊದಲು ಸುಗ್ರೀವಾಜ್ಞೆಯಾಗಿ. ರೋಗ ಮನೆಯೊಳಗೆ ಬಂದಮೇಲೆ ಕಾನೂನು ಬರೆದರೆ ಅದರಲ್ಲಿ ದಂಡ ಹೆಚ್ಚಿರುತ್ತದೆ, ಯೋಚನೆ ಕಡಿಮೆ ಇರುತ್ತದೆ.

ಇಲ್ಲಿ ಒಂದು ಎಚ್ಚರ ಹೇಳಬೇಕು. ಹಳೆಯದೆಲ್ಲ ಕೊಳೆತದ್ದಲ್ಲ. 1872ರ ಕರಾರು ಕಾಯ್ದೆ ಇಂದಿಗೂ ಚೆನ್ನಾಗಿಯೇ ನಡೆಯುತ್ತಿದೆ. ‘ಕಾಲಬಾಹಿರ’ ಎಂಬ ಮಾತನ್ನು ತಮಗೆ ಬೇಡವಾದ ಕಾನೂನಿಗೆ ಹಚ್ಚಿಬಿಡುವ ಚಾಳಿಯೂ ಇದೆ. ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಸೆಕ್ಷನ್‌ಗಳು ಕೃಷಿಕರಲ್ಲದವರು ಮತ್ತು ಹೆಚ್ಚಿನ ವರಮಾನ ಇರುವವರು ಕೃಷಿ ಭೂಮಿ ಕೊಳ್ಳದಂತೆ ತಡೆದಿದ್ದವು. ಅವುಗಳಿಂದ ಲಂಚಕ್ಕೆ ದಾರಿಯಾಗಿದೆ, ಕಾಲ ಮುಗಿದಿದೆ ಎಂದು ಸರ್ಕಾರ ಹೇಳಿತು. ಸಣ್ಣ ರೈತನಿಗಿದ್ದ ಬೇಲಿ ಕಿತ್ತಿರಿ ಎಂದು ರೈತ ಸಂಘಟನೆಗಳು ಹೇಳಿದವು. ಎರಡು ಮಾತಿನಲ್ಲೂ ಹುರುಳಿತ್ತು. ಕೂತು ವಾರಗಟ್ಟಲೆ ಚರ್ಚಿಸಬೇಕಾದ ವಿಷಯವದು. 2020ರ ಜುಲೈನಲ್ಲಿ ಅದು ಸುಗ್ರೀವಾಜ್ಞೆಯಾಗಿ ಬಂತು. ಕಾನೂನು ಬಳಕೆ ತಪ್ಪಿದೆಯೇ ಎಂಬುದನ್ನು ಗುಮಾಸ್ತರು ಪಟ್ಟಿ ಮಾಡಿ ತೀರ್ಮಾನಿಸಲಾಗದು, ಅದು ರಾಜಕೀಯ ತೀರ್ಮಾನ. ಆದ್ದರಿಂದಲೇ ನಿಮ್ಮ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ದೊಡ್ಡದು.

ಶಾಸನಸಭೆಗೆ ಮೊದಲು ಬೇಕಾದದ್ದು ಸಮಯ. ರಾಜ್ಯದ ವಿಧಾನಮಂಡಲ ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕು ಎಂದು 2005ರಲ್ಲಿ ನಮ್ಮಲ್ಲೇ ಕಾಯ್ದೆಯಾಗಿದೆ. ಅದನ್ನು ಮಾಡಿದ ಸದನಗಳು ಬಹುತೇಕ ವರ್ಷಗಳಲ್ಲಿ ಆ ಗುರಿ ಮುಟ್ಟಿಲ್ಲ. ಬಳಕೆ ತಪ್ಪಿದ ಕಾನೂನಿಗೆ ಉದಾಹರಣೆ ಹುಡುಕುತ್ತಾ ಆರ್ಕೈವ್‌ಗೆ ಹೋಗಬೇಕಾಗಿಲ್ಲ, ವಿಧಾನಸೌಧದಲ್ಲೇ ಇದೆ. ಸೇರಿದ ದಿನಗಳಲ್ಲೂ ಧರಣಿ, ಗದ್ದಲ, ಮುಂದೂಡಿಕೆ ಕಳೆದು ಉಳಿದ ಹೊತ್ತಿನಲ್ಲಿ ಹತ್ತಾರು ಮಸೂದೆಗಳು ಧ್ವನಿಮತದಲ್ಲಿ ದಾಟುತ್ತವೆ. 2011ರ 36ಎ ಯಾರ ಕಣ್ಣಿಗೂ ಬೀಳಲಿಲ್ಲ ಎಂದೆನಲ್ಲ, ಕಣ್ಣಿಗೆ ಬೀಳಲು ಓದಬೇಕು, ಓದಲು ಮಸೂದೆ ಮೊದಲೇ ಕೈಗೆ ಬರಬೇಕು. ಶಾಸಕರಿಗೆ ಆಪ್ತ ಸಹಾಯಕರಿರುತ್ತಾರೆ, ಮಸೂದೆ ಓದಿ ಟಿಪ್ಪಣಿ ಮಾಡಿಕೊಡುವ ಸಂಶೋಧಕರಿರುವುದಿಲ್ಲ.

ಶಾಸಕರನ್ನಷ್ಟೇ ದೂರುವುದು ಸರಿಯಲ್ಲ, ಮೇಷ್ಟರೇ. ಅವರು ಊರಿಗೆ ಬಂದಾಗ ನಾವು ಕೇಳುವುದು ರಸ್ತೆ, ಚರಂಡಿ, ಸಮುದಾಯ ಭವನ, ವರ್ಗಾವಣೆ. ವರ್ಷಕ್ಕೆ ಎರಡು ಕೋಟಿಯ ಶಾಸಕರ ನಿಧಿ ಎಲ್ಲಿ ಖರ್ಚಾಯಿತು ಎಂದು ಕೇಳುವವರಿದ್ದಾರೆ, ಯಾವ ಮಸೂದೆಯ ಮೇಲೆ ಏನು ಮಾತಾಡಿದಿರಿ ಎಂದು ಕೇಳಿದವರನ್ನು ನಾನು ನೋಡಿಲ್ಲ. 1961ರ ಒಂದು ಕಾಯ್ದೆಯನ್ನು ರದ್ದುಮಾಡಿಸಿದೆ ಎಂದು ಫ್ಲೆಕ್ಸ್ ಕಟ್ಟಿಸಿದರೆ ಒಂದು ಮತವೂ ಹುಟ್ಟುವುದಿಲ್ಲ.

ಹಾಗೊಮ್ಮೆ ಆಸಕ್ತಿ ಇರುವ ಶಾಸಕನಿದ್ದರೂ ಕೈ ಕಟ್ಟಿದೆ. 1985ರ ಪಕ್ಷಾಂತರ ನಿಷೇಧ ಕಾನೂನು ಬಂದದ್ದು ಆಯಾರಾಂ ಗಯಾರಾಂಗಳನ್ನು ತಡೆಯಲು. ತಡೆಯಿತೇ ಎಂಬುದಕ್ಕೆ 2019ರಲ್ಲಿ ಅನರ್ಹಗೊಂಡ ನಮ್ಮ 17 ಶಾಸಕರ ಕಥೆ ನೋಡಿ. ಆದರೆ ಪಕ್ಷ ವಿಪ್ (ಹೀಗೇ ಮತ ಹಾಕಬೇಕೆಂಬ ಆದೇಶ) ಕೊಟ್ಟ ಯಾವುದೇ ಮತದಾನದಲ್ಲಿ ಬೇರೆ ಮತ ಹಾಕಿದರೆ ಸದಸ್ಯತ್ವವೇ ಹೋಗುತ್ತದೆ. ಸರ್ಕಾರ ಉರುಳುವ ಪ್ರಶ್ನೆಯೇ ಇಲ್ಲದ ಒಂದು ಸೆಕ್ಷನ್ನಿನ ಮೇಲೂ ಇದೇ ಶಿಕ್ಷೆ. ವಿಶ್ವಾಸಮತದಂಥ ಸಂದರ್ಭಗಳಿಗಷ್ಟೇ ಇದನ್ನು ಸೀಮಿತಗೊಳಿಸಿ ಎಂದು 1990ರಲ್ಲಿ ದಿನೇಶ್ ಗೋಸ್ವಾಮಿ ಸಮಿತಿ ಹೇಳಿತು. ವಿಪ್‌ಗೆ ಮಿತಿ ಹಾಕಿ ಎಂದು 1999ರಲ್ಲಿ ಕಾನೂನು ಆಯೋಗವೂ ಹೇಳಿತು. ಇದಕ್ಕೆ ಸಂವಿಧಾನ ತಿದ್ದುಪಡಿ ಬೇಕು, ಅದನ್ನು ಮಾಡಬೇಕಾದವರು ವಿಪ್ ಕೊಡುವ ನಾಯಕರೇ. ಮಂತ್ರಿಯಲ್ಲದ ಸದಸ್ಯ ತಾನೇ ತರುವ ಖಾಸಗಿ ಮಸೂದೆಯ ದಾರಿಯಂತೂ ಮುಚ್ಚಿದಂತೆಯೇ: ಸಂಸತ್ತಿನಲ್ಲಿ ಇದುವರೆಗೆ ಕಾನೂನಾದ ಖಾಸಗಿ ಮಸೂದೆಗಳು 14, ಕೊನೆಯದು 1970ರಲ್ಲಿ.

ಸಮಿತಿಗಳಲ್ಲಿ ಪರಿಸ್ಥಿತಿ ಸ್ವಲ್ಪ ಬೇರೆ. ಅಲ್ಲಿ ಕ್ಯಾಮೆರಾ ಇರುವುದಿಲ್ಲ, ವಿಪ್ ಇರುವುದಿಲ್ಲ, ಆಡಳಿತ ಪಕ್ಷದವರೂ ಅಧಿಕಾರಿಗಳನ್ನು ಕೂರಿಸಿಕೊಂಡು ನಿಜವಾದ ಪ್ರಶ್ನೆ ಕೇಳುತ್ತಾರೆ. 15ನೇ ಲೋಕಸಭೆಯಲ್ಲಿ ಶೇ 71ರಷ್ಟು ಮಸೂದೆಗಳು ಸಮಿತಿಗೆ ಹೋಗಿದ್ದವು, 17ನೆಯದರಲ್ಲಿ ಶೇ 16ಕ್ಕೆ ಇಳಿಯಿತು. ಕೇರಳ 1980ರಿಂದಲೇ ವಿಷಯವಾರು ಸಮಿತಿಗಳನ್ನು ಇಟ್ಟುಕೊಂಡು ಮಸೂದೆಗಳನ್ನು ಅಲ್ಲಿಗೆ ಕಳಿಸುತ್ತದೆ. ನಾವು ನಕಲು ಮಾಡಲೇಬೇಕೆಂದರೆ 1871ರ ಪುಟ ಬಿಟ್ಟು ಇದನ್ನು ಮಾಡಬಹುದಿತ್ತು.

ಪ್ರತಿ ಕಾನೂನಿಗೂ ಇಂತಿಷ್ಟು ವರ್ಷ ಆಯಸ್ಸು ಎಂದು ಬರೆದುಬಿಡಿ ಎಂಬ ಸಲಹೆ ಬಹಳ ಜನಪ್ರಿಯ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಭಯೋತ್ಪಾದನೆ ತಡೆಯಲೆಂದು ತಂದ ಟಾಡಾ ಕಾಯ್ದೆಗೆ ಹಾಗೆ ಆಯಸ್ಸು ಕಟ್ಟಿದ್ದರು. ಅವಧಿ ಮುಗಿಯುತ್ತ ಬಂದಾಗಲೆಲ್ಲ ವಿಸ್ತರಿಸುತ್ತ ಬಂದು 1995ರಲ್ಲಿ ಕೊನೆಗೂ ಬಿಟ್ಟರು. ಬಿಟ್ಟ ಮೇಲೂ ಅದರಡಿ ಹೂಡಿದ್ದ ಪ್ರಕರಣಗಳು ವರ್ಷಗಟ್ಟಲೆ ನಡೆದವು. ಬ್ರಿಟನ್ ಇನ್ನೊಂದು ಪಾಠ ಕಲಿಸಿದೆ. ಐರೋಪ್ಯ ಒಕ್ಕೂಟದಿಂದ ಬಂದ ಸಾವಿರಾರು ಕಾನೂನುಗಳು 2023ರ ಕೊನೆಗೆ ತಾವಾಗಿ ಬಿದ್ದುಹೋಗಲಿ ಎಂದು ಮಸೂದೆ ತಂದರು, ಯಾವ ಕಾನೂನಿನಲ್ಲಿ ಏನಿದೆ ಎಂದು ಇಲಾಖೆಗಳಿಗೇ ಪೂರ್ತಿ ಗೊತ್ತಿರಲಿಲ್ಲ, ಕೊನೆಗೆ ಸುಮಾರು 600ರ ಪಟ್ಟಿಗೆ ಇಳಿದರು. ಅದೇ ಬ್ರಿಟನ್ನಿನಲ್ಲಿ 1965ರಿಂದ ಇರುವ ಕಾನೂನು ಆಯೋಗ ಮಾತ್ರ ಸದ್ದಿಲ್ಲದೆ ಒಂದೊಂದೇ ಕಾನೂನು ಓದಿ, ಬಾಧಿತರನ್ನು ಕೇಳಿ, 3,000ಕ್ಕೂ ಹೆಚ್ಚು ಕಾಯ್ದೆಗಳನ್ನು ತೆಗೆಸಿದೆ.

ಹಾಗಾಗಿ ನನ್ನ ಆಯ್ಕೆ ಕಡ್ಡಾಯ ಪರಾಮರ್ಶೆ. ಕಾಯ್ದೆಯೊಂದು ಜಾರಿಯಾಗಿ ಐದು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೊಮ್ಮೆ, ಸಂಬಂಧಪಟ್ಟ ಇಲಾಖೆ ಸದನದ ಮುಂದೆ ಒಂದು ವರದಿ ಇಡಬೇಕು: ಎಷ್ಟು ಪ್ರಕರಣ ದಾಖಲಾದವು, ಎಷ್ಟರಲ್ಲಿ ಶಿಕ್ಷೆಯಾಯಿತು, ಎಷ್ಟು ಹಣ ವಸೂಲಾಯಿತು, ನಿಯಮಗಳನ್ನು ರೂಪಿಸಲಾಗಿದೆಯೇ, ಕೋರ್ಟು ಯಾವ ಭಾಗವನ್ನು ತಳ್ಳಿಹಾಕಿದೆ. ಕೋರ್ಟು ತಳ್ಳಿಹಾಕಿದ ಸೆಕ್ಷನ್ನನ್ನು ಮುಂದಿನ ಅಧಿವೇಶನದಲ್ಲೇ ತೆಗೆಯಬೇಕು ಅಥವಾ ಏಕೆ ತೆಗೆಯುವುದಿಲ್ಲ ಎಂದು ಮಂತ್ರಿ ಹೇಳಬೇಕು. ವರದಿ ಬರದಿದ್ದರೆ ಆ ಕಾಯ್ದೆಯಡಿ ಹೊಸ ಉಪಕರವಾಗಲಿ ದಂಡವಾಗಲಿ ಹಾಕುವಂತಿಲ್ಲ. ಇಷ್ಟು ಬಿಗಿ ಮಾಡದಿದ್ದರೆ ಯಾವ ಇಲಾಖೆಯೂ ವರದಿ ಕೊಡುವುದಿಲ್ಲ, 60 ದಿನದ ಕಾಯ್ದೆಗೆ ಆದದ್ದೇ ಇದಕ್ಕೂ ಆಗುತ್ತದೆ. ವರದಿಯನ್ನು ಪರಿಶೀಲಿಸುವ ಸಮಿತಿಗೆ, ಸಾರ್ವಜನಿಕ ಲೆಕ್ಕಪತ್ರ ಸಮಿತಿಯಂತೆಯೇ, ವಿರೋಧ ಪಕ್ಷದವರು ಅಧ್ಯಕ್ಷರಾಗಬೇಕು.

ಈ ಕೆಲಸಕ್ಕೆ ಸದನವೂ ಸಿದ್ಧವಿದೆ: ನಮ್ಮ ವಿಧಾನ ಪರಿಷತ್ತು. ಅದು ಬೇಕೇ ಬೇಡವೇ ಎಂಬ ಚರ್ಚೆ ಆಗಾಗ ಏಳುತ್ತದೆ, ಸೋತವರಿಗೆ ಪುನರ್ವಸತಿ ಎಂಬ ಕುಹಕವೂ ಕೇಳುತ್ತದೆ, ಕುಹಕದಲ್ಲಿ ಸತ್ಯವೂ ಇದೆ. ಆದರೂ 75 ಜನರಲ್ಲಿ ಏಳು ಮಂದಿ ಪದವೀಧರರಿಂದ, ಏಳು ಮಂದಿ ಶಿಕ್ಷಕರಿಂದ, 25 ಮಂದಿ ಸ್ಥಳೀಯ ಸಂಸ್ಥೆಗಳಿಂದ ಆರಿಸಿ ಬರುತ್ತಾರೆ. ಕಾನೂನು ತಳಮಟ್ಟದಲ್ಲಿ ಹೇಗೆ ನಡೆಯುತ್ತಿದೆ ಎಂದು ಹೇಳಬಲ್ಲವರು ಇವರೇ. ಸರ್ಕಾರ ಪರಿಷತ್ತಿಗೆ ಹೊಣೆಯಲ್ಲ, ಆದ್ದರಿಂದ ಅಲ್ಲಿ ಸೋಲಿನ ಭಯವೂ ಕಡಿಮೆ. ಹಳೆಯ ಕಾಯ್ದೆಗಳ ಪರಾಮರ್ಶೆಯನ್ನು ಅದಕ್ಕೆ ಒಪ್ಪಿಸಿದರೆ ಅದರ ಅಸ್ತಿತ್ವಕ್ಕೂ ಒಂದು ಸಮರ್ಥನೆ ಸಿಗುತ್ತದೆ.

ನೀವು ಮಾಡಬಹುದಾದದ್ದು ಇದೆ. ನೀವು ಪಶ್ಚಿಮ ಪದವೀಧರರ ಕ್ಷೇತ್ರದ ವ್ಯಾಪ್ತಿಯಲ್ಲಿದ್ದೀರಿ. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಇಲ್ಲದಿದ್ದರೆ ಮೊದಲು ಸೇರಿಸಿ, ಈ ಕ್ಷೇತ್ರಗಳಲ್ಲಿ ಮತದಾರರು ಕಡಿಮೆ, ಒಂದು ಪತ್ರಕ್ಕೆ ತೂಕ ಹೆಚ್ಚು. ಎರಡೂ ಸದನಗಳಲ್ಲಿ ಅರ್ಜಿಗಳ ಸಮಿತಿ ಇದೆ, ಸದಸ್ಯರೊಬ್ಬರ ಮೂಲಕ ಅಲ್ಲಿಗೆ ಮನವಿ ಕಳಿಸಬಹುದು. ಆದರೆ ‘ಹಳೆಯ ಕಾನೂನುಗಳನ್ನೆಲ್ಲ ತೆಗೆಯಿರಿ’ ಎಂದು ಬರೆಯಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ಒಂದು ಕಾಯ್ದೆಯನ್ನು ಹಿಡಿಯಿರಿ. ಭಿಕ್ಷಾಟನೆ ಕಾಯ್ದೆಯಿಂದಲೇ ಶುರುಮಾಡಬಹುದು. ನಿಮ್ಮ ನಗರಸಭೆಗೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ: ಕಳೆದ ಐದು ವರ್ಷಗಳಲ್ಲಿ ಭಿಕ್ಷಾಟನೆ ಉಪಕರ ಎಷ್ಟು ಸಂಗ್ರಹವಾಯಿತು, ಅದರಲ್ಲಿ ಎಷ್ಟನ್ನು ಯಾವ ದಿನಾಂಕಗಳಂದು ಮುಂದಕ್ಕೆ ಕಳಿಸಲಾಯಿತು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಬಗ್ಗೆ, 150 ಪದಗಳ ಒಳಗೆ ಇರಬೇಕು, ಹಾಗಾಗಿ ಪೊಲೀಸ್ ಕಾಯ್ದೆಯ 36ಎ ರಿಜಿಸ್ಟರಿನ ಬಗ್ಗೆ ಕೇಳುವುದಿದ್ದರೆ ಅದಕ್ಕೆ ಬೇರೆ ಅರ್ಜಿ ಹಾಕಿ.